ಮೊದಲ ಸಾಕ್ಷ್ಯಚಿತ್ರವನ್ನು ಉತ್ಸವಕ್ಕೆ ಕಳಿಸಲು: ಡಿಸಿಪಿಯೋ, ಪ್ರೊರೆಸ್ಸೋ?

ಡಿಸಿಪಿ ಎಂದರೆ ಚಿತ್ರಮಂದಿರದಲ್ಲಿ ತೋರಿಸಲು ಮಾಡುವ ಡಿಜಿಟಲ್ ಪ್ಯಾಕೇಜ್; ಪ್ರೊರೆಸ್ ಎಂದರೆ ಎಡಿಟಿಂಗ್‌ನಲ್ಲಿ ಬಳಸುವ ಉತ್ತಮ ಗುಣಮಟ್ಟದ ವಿಡಿಯೋ ಫೈಲ್. ಆಯ್ಕೆ ಸಮಿತಿಗೆ ಕಳಿಸುವಾಗ ಸಾಮಾನ್ಯವಾಗಿ ಎರಡೂ ಬೇಡ. ಪಾಸ್‌ವರ್ಡ್ ಇರುವ ಲಿಂಕ್, 1080ಪಿ ಎಚ್.264 (ಗಾತ್ರ ಕುಗ್ಗಿಸಿದ ಸಾಮಾನ್ಯ ವಿಡಿಯೋ) ಫೈಲ್ ಸಾಕು. ಚಿತ್ರ ಆಯ್ಕೆಯಾದ ಮೇಲೆ ಈ ಪ್ರಶ್ನೆ.

ಪ್ರೊರೆಸ್‌ನ ಉತ್ತಮ ಗುಣಮಟ್ಟದ ಬಗೆಯಾದ 422 ಎಚ್‌ಕ್ಯೂ ಸುಲಭ. ಎಡಿಟಿಂಗ್ ಟೈಮ್‌ಲೈನ್‌ನಿಂದ ನೇರ ತೆಗೆದು ಲ್ಯಾಪ್‌ಟಾಪ್‌ನಲ್ಲೇ ಪೂರ್ತಿ ನೋಡಿ ಪರೀಕ್ಷಿಸಬಹುದು. ಸೆಕೆಂಡಿಗೆ 24 ಫ್ರೇಮ್‌ನ 1080ಪಿ ಚಿತ್ರ 80 ನಿಮಿಷಕ್ಕೆ ಸುಮಾರು 105 ಜಿಬಿ. ಏನೇ ಕಳಿಸಿದರೂ ಇದನ್ನು ಮಾಸ್ಟರ್ ಆಗಿ ಇಟ್ಟುಕೊಳ್ಳಿ; ಡಿಸಿಪಿಯನ್ನೂ ಇದರಿಂದಲೇ ಮಾಡಬಹುದು.

ಡಿಸಿಪಿ ಚಿತ್ರಮಂದಿರದ ಸರ್ವರ್‌ಗೆಂದೇ ಇರುವುದು: ಜೆಪೆಗ್ 2000 ಫ್ರೇಮ್‌ಗಳು, ಎಕ್ಸ್‌ವೈಜೆಡ್ ಎಂಬ ಬಣ್ಣದ ಪದ್ಧತಿ, 24 ಬಿಟ್ ಧ್ವನಿ. ಉಚಿತವಾದ ಡಿಸಿಪಿ-ಓ-ಮ್ಯಾಟಿಕ್ ತಂತ್ರಾಂಶದಲ್ಲಿ ನೀವೇ ಮಾಡಬಹುದು, ಆದರೆ ಎಡವಟ್ಟಾಗುವುದೂ ಇಲ್ಲೇ. ಸೆಕೆಂಡಿಗೆ 25 ಫ್ರೇಮ್‌ನ ಚಿತ್ರ ಅಂದರೆ ಕೆಲವು ಹಳೆಯ ಸರ್ವರ್‌ಗಳು ಕೈಕೊಡುತ್ತವೆ. ವೇಗ ತಗ್ಗಿಸಿ 24ಕ್ಕೆ ತಂದರೆ ಚಿತ್ರ ಶೇ. 4ರಷ್ಟು ಉದ್ದವಾಗುತ್ತದೆ, ಪಿಚ್ ಸರಿಪಡಿಸದಿದ್ದರೆ ಸಂದರ್ಶನದ ದನಿ ದಪ್ಪಗಾಗುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 1998 ಪಿಕ್ಸೆಲ್ ಅಗಲದ ಫ್ಲ್ಯಾಟ್ ಎಂಬ ಸಿನಿಮಾ ಚೌಕಟ್ಟಿಗೆ ಹಿಗ್ಗಿಸಬೇಡಿ, ಎಡಬಲಕ್ಕೆ 39 ಪಿಕ್ಸೆಲ್ ಕಪ್ಪು ಇರಲಿ. ಹಿಗ್ಗಿಸಿದರೆ ಮೇಲೂ ಕೆಳಗೂ ಕತ್ತರಿ ಬೀಳುತ್ತದೆ. ಸ್ಟೀರಿಯೋ ಮಿಕ್ಸ್ ಮಾತ್ರ ಇದ್ದರೆ ಎಡ ಅಥವಾ ಬಲ ಬದಿಯ ಸೀಟಿನವರಿಗೆ ಮಾತು ಹತ್ತಿರದ ಸ್ಪೀಕರ್‌ನಿಂದ ಬಂದಂತಿರುತ್ತದೆ, 5.1 (ಆರು ಚಾನೆಲ್‌ಗಳ ಧ್ವನಿ) ಮಾಡಿ ಮಾತನ್ನು ಮಧ್ಯದ ಸ್ಪೀಕರ್‌ಗೆ ಹಾಕಿ. ಎನ್‌ಕ್ರಿಪ್ಶನ್ (ಕೀಲಿ ಇಲ್ಲದೆ ತೆರೆಯದಂತೆ ಫೈಲ್‌ಗೆ ಬೀಗ ಹಾಕುವುದು) ಬೇಡವೇ ಬೇಡ: ಕೀಲಿ ತಡವಾದರೆ ಪ್ರದರ್ಶನವೇ ಇಲ್ಲ.

ಉತ್ಸವ ಎರಡನ್ನೂ ಒಪ್ಪುತ್ತದೆ, ಆದರೆ ಡಿಸಿಪಿಯನ್ನು ಚಿತ್ರಮಂದಿರದಲ್ಲಿ ಹಾಕಿ ನೋಡಲು ಅವಕಾಶವಿಲ್ಲವೇ? ಪ್ರೊರೆಸ್ ಕಳಿಸಿ.