ಸೈಂಟ್ ಮೇರೀಸ್ ದ್ವೀಪ: ಹೋಗಿ, ಆದರೆ ಕಲ್ಲು ನೋಡೋಕೆ ಹೋಗಿ

ಉಡುಪಿ ಹತ್ತಿರದ ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಬಗ್ಗೆ ನೆಟ್‌ನಲ್ಲಿ ಎರಡು ಥರದ ರಿವ್ಯೂ ಸಿಗುತ್ತವೆ. ಒಂದು, 'ಸೂಪರ್ ಜಾಗ, ಫ್ಯಾಮಿಲಿ ಜೊತೆ ಹೋಗಿ'. ಇನ್ನೊಂದು, 'ಮರಳಿಲ್ಲ, ನೆರಳಿಲ್ಲ, ಬರೀ ಕಲ್ಲು, ದುಡ್ಡು ದಂಡ'. ಎರಡನೆಯದನ್ನು ಓದಿದಾಗೆಲ್ಲ ನಗು ಬರುತ್ತದೆ. ಆ ಕಲ್ಲು ನೋಡೋಕೇ ಅಲ್ವಾ ಸ್ವಾಮಿ ಅಷ್ಟು ದೂರ ಹೋಗಬೇಕಾದ್ದು? ಹಾಗಂತ ಬರೆದವರನ್ನು ಬೈಯುವ ಹಾಗೂ ಇಲ್ಲ. ಟಿಕೆಟ್ ಕೊಳ್ಳುವಲ್ಲಿಂದ ಹಿಡಿದು ವಾಪಸ್ ದಡಕ್ಕೆ ಕಾಲಿಡುವ ತನಕ ಈ ಮಾತನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಬೋಟಿನ ವಿಷಯ ಬೇಗ ಮುಗಿಸುತ್ತೇನೆ. ಮಲ್ಪೆಯಿಂದ ಅರ್ಧ ಗಂಟೆಯ ದಾರಿ. ಜನ ತುಂಬುವ ತನಕ ಬೋಟು ಹೊರಡುವುದಿಲ್ಲ, ಹಾಗಾಗಿ ಭಾನುವಾರ ಕಾಯುವುದು ಕಡಿಮೆ, ನೂಕುನುಗ್ಗಲು ಜಾಸ್ತಿ. ವಾರದ ದಿನ ಅದರ ಉಲ್ಟಾ. ನನಗೆ ಕೊಟ್ಟ ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು. ಹೇಳಿದ ಮೇಲೆ ಬೇರೆ ಕೊಟ್ಟರು, ಆದರೆ ಹೇಳಬೇಕಾಯಿತು. ಹಾಡಂತೂ ಕಿವಿ ಕಿತ್ತುಹೋಗುವಷ್ಟು ಜೋರು. ದ್ವೀಪದ ಹತ್ತಿರ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿಸುತ್ತಾರೆ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ ಅದು ಕಷ್ಟ, ಮೊದಲೇ ಗೊತ್ತಿರಲಿ. ಮಳೆಗಾಲದಲ್ಲಿ ಬೋಟು ಇಲ್ಲ.

ಈಗ ಕಲ್ಲಿಗೆ ಬರೋಣ. ಇಳಿದ ಕೂಡಲೇ ಎಲ್ಲರೂ ಫೋಟೋ ತೆಗೆಯಲು ನಿಲ್ಲುವ ಜಾಗ ದಾಟಿ ನೀರಿನಂಚಿಗೆ ಹೋಗಿ. ಅಲ್ಲಿ ನೆಲವೇ ಕಂಬಗಳು, ಅವುಗಳ ತಲೆ ಮೇಲೆ ಕಾಲಿಟ್ಟೇ ನಡೆಯಬೇಕು. ಹೆಚ್ಚಿನವಕ್ಕೆ ಆರು ಮೂಲೆ, ಕೆಲವಕ್ಕೆ ಐದು, ಹುಡುಕಿದರೆ ಏಳೂ ಸಿಗುತ್ತದೆ. ಒಂದಕ್ಕೊಂದು ತಾಗಿ ನಿಂತಿವೆ, ನಡುವೆ ಸಣ್ಣ ಸಂದು. ನಾನು ಕೂತು ನೋಡಿದ ಸಂದಿನಲ್ಲಿ ಚಿಪ್ಪಿನ ಚೂರು ತುಂಬಿತ್ತು, ಅದರೊಳಗಿಂದ ಕಿರುಬೆರಳಿನ ಉಗುರಿನಷ್ಟು ಏಡಿಯೊಂದು ಹೊರಗೆ ಬಂದು, ನನ್ನ ನೆರಳು ಬಿದ್ದ ತಕ್ಷಣ ಒಳಗೆ ಹೋಯಿತು. ನೀರಿಗೆ ತೀರಾ ಹತ್ತಿರದ ಕಂಬಗಳ ಮೈಗೆ ಚಿಪ್ಪುಗಳು ಅಂಟಿವೆ. ಹಿಡಿದುಕೊಳ್ಳಲು ಹೋದರೆ ಕೈ ಕೊಯ್ಯುತ್ತದೆ. ಪಕ್ಕದಿಂದ ನೋಡಿದರೆ ಕೆಲವು ಕಂಬಗಳು ಆಳಿಗಿಂತ ಎಷ್ಟೋ ಎತ್ತರ.

ಇದನ್ನು ಯಾರೂ ಕೆತ್ತಿದ್ದಲ್ಲ. ಲಾವಾ ಹರಿದು ಬಂದು ನಿಂತಿತು, ಆರುತ್ತಾ ಆರುತ್ತಾ ಕುಗ್ಗಿತು, ಕುಗ್ಗಿದಾಗ ಬಿರುಕು ಬಿಟ್ಟಿತು. ಬತ್ತಿದ ಕೆರೆಯಲ್ಲಿ ಕೆಸರು ಬಿರಿಯುವುದಿಲ್ವಾ, ಹಾಗೆ. ಆದರೆ ಕೆಸರಿನ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ, ಇಲ್ಲಿ ಲಾವಾ ಒಳಗೊಳಗೆ ತಣ್ಣಗಾದ ಹಾಗೆಲ್ಲ ಬಿರುಕೂ ಕೆಳಗಿಳಿಯುತ್ತಾ ಹೋಯಿತು. ಹಾಗೆ ನೆಲ ಕಂಬ ಕಂಬವಾಗಿ ಸೀಳಿತು.

ಇಂಟರ್ನೆಟ್ಟಿನಲ್ಲಿ ತುಂಬ ಜನ ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು ಎಂದು ಬರೆದಿದ್ದಾರೆ. ಸಿಲಿಕಾ ಅಂದರೆ ಮರಳಿನಲ್ಲಿ ಹೆಚ್ಚಾಗಿರುವ ಅಂಶ. ಅಲ್ಲ. ಇದು ರಯೋಲೈಟ್, ಡೇಸೈಟ್ ಜಾತಿಯ ಲಾವಾ, ಸಿಲಿಕಾ ಜಾಸ್ತಿ ಇರುವಂಥದ್ದು. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಳೆಯದು. ಇದು ಅದಕ್ಕಿಂತ ಹಿರಿಯ, ಸುಮಾರು 8.8 ಕೋಟಿ ವರ್ಷದ್ದು. ಆ ಹೊತ್ತಿಗೆ, ಈಗ ಆಫ್ರಿಕಾದ ಪಕ್ಕ ಇರುವ ಮಡಗಾಸ್ಕರ್ ದ್ವೀಪ ಇನ್ನೂ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಎರಡೂ ಬೇರೆಯಾಗುವಾಗ ಉಕ್ಕಿದ ಲಾವಾ ಇದು, ಅದೇ ಕಾಲದ ಜ್ವಾಲಾಮುಖಿ ಕಲ್ಲುಗಳು ಮಡಗಾಸ್ಕರಿನಲ್ಲೂ ಇವೆ. ಅಂದರೆ ನೀವು ಚಪ್ಪಲಿ ಹಾಕಿಕೊಂಡು ನಿಂತಿರುವುದು ಒಂದು ಭೂಖಂಡ ಹರಿದ ಅಂಚಿನಲ್ಲಿ.

ಬೋಟಿನಲ್ಲಿ ಇದರ ಸುದ್ದಿಯೇ ಇಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನಂತೆ ಎಂಬ ಕಥೆ ಮಾತ್ರ ಎಲ್ಲರ ಬಾಯಲ್ಲೂ ಇದೆ. ದ್ವೀಪದಲ್ಲಿ, ಇದು ಭೂವೈಜ್ಞಾನಿಕ ಸ್ಮಾರಕ ಎಂದು ಹೇಳುವ ಫಲಕ ಇದೆ. ಮಕ್ಕಳಿಗೆ ಅರ್ಥವಾಗುವಂಥ ಒಂದು ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಕಲ್ಲಿನ ಮೇಲೆ ಹೆಸರು, ಹೃದಯದ ಗುರುತು ಬಿದ್ದಿವೆ. ನನ್ನ ಪಕ್ಕದಲ್ಲೇ ಒಬ್ಬರು ಚಿಪ್ಪನ್ನು ಕವರಿನ ತುಂಬ ತುಂಬಿಸಿಕೊಳ್ಳುತ್ತಿದ್ದರು, ಸಂದಿನಲ್ಲಿ ಕುರ್ಕುರೆ ಪೊಟ್ಟಣ ಸಿಕ್ಕಿಕೊಂಡಿತ್ತು. ಸುಮ್ನೆ ಎತ್ತಿ ಜೇಬಿಗೆ ಹಾಕಿಕೊಂಡೆ.

ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಕೇಳಲು ದೊಡ್ಡ ಹೆಸರು. ಆದರೆ ಕೋಟೆ, ದೇವಸ್ಥಾನಗಳಿಗೆ 1958ರ ಸ್ಮಾರಕ ಕಾಯ್ದೆ ಇರುವ ಹಾಗೆ ಇಂಥ ಕಲ್ಲುಗಳಿಗೆಂದೇ ಒಂದು ಕಾಯ್ದೆ ಇಲ್ಲ. ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಇಂಥ ಜಾಗಗಳಿಗೆಂದೇ ಒಂದು ಕರಡು ಮಸೂದೆಯನ್ನು ಜನರ ಮುಂದಿಟ್ಟಿತ್ತು. 2025ರಲ್ಲಿ ಈ ದ್ವೀಪಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ, ಅಂದರೆ ಮುಂದೆ ವಿಶ್ವ ಪರಂಪರೆ ತಾಣ ಆಗಬಹುದಾದ ಜಾಗಗಳ ಪಟ್ಟಿಗೂ ಸೇರಿದವು, ಕೇರಳದ ವರ್ಕಲದ ಕಡಲಬಂಡೆ ಮತ್ತು ತಿರುಮಲ ಬೆಟ್ಟಗಳ ಜೊತೆಗೆ. ಖುಷಿಯೇ. ಆದರೆ ಪಟ್ಟಿಯ ಸುದ್ದಿ ಕೇಳಿ ಮೊದಲು ಹೆಚ್ಚುವುದು ಜನ, ಆಮೇಲೆ ಕಸ. ಕಾವಲು ಕೊನೆಗೆ.

ಉತ್ತರ ಐರ್ಲೆಂಡಿನಲ್ಲಿ ಜೈಂಟ್ಸ್ ಕಾಸ್‌ವೇ ಎಂಬ ಜಾಗ ಇದೆ. ಅಲ್ಲೂ ಇಂಥದೇ ಕಂಬಗಳು, ಸುಮಾರು 40,000. ಅವು ಬಸಾಲ್ಟಿನವು. 1986ರಿಂದಲೇ ವಿಶ್ವ ಪರಂಪರೆ ತಾಣ, ವಿವರಣಾ ಕೇಂದ್ರ ಇದೆ, ಗೈಡ್ ಇದ್ದಾರೆ. ಅಷ್ಟಿದ್ದರೂ ಜನ ಸಂದುಗಳಿಗೆ ನಾಣ್ಯ ತುರುಕಿ, ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಒಡೆಯುತ್ತಿದೆ ಎಂದು 2025ರಲ್ಲಿ ಅಲ್ಲಿನವರು ಕೈಮುಗಿದು ಕೇಳಿಕೊಳ್ಳಬೇಕಾಯಿತು. ಅಷ್ಟು ನೋಡಿಕೊಂಡರೂ ಹಾಗೆ. ನಮ್ಮ ಕಡೆ ಏನು ಹೇಳೋಣ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಅಲ್ಲಿ ಸಿಮೆಂಟು ಸುರಿದರೆ ಇರುವುದೂ ಹಾಳು. ಮಲ್ಪೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗೈಡ್ ಮಾಡಲಿ. ಕನ್ನಡ, ತುಳು ಎರಡರಲ್ಲೂ ಹೇಳಲಿ, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿ, ನಾನಂತೂ ಕೊಡುತ್ತೇನೆ. ಎಲ್ಲಿ ನಡೆಯಬಹುದು, ಎಲ್ಲಿ ಬಾರದು ಅಂತ ಒಂದು ಹಗ್ಗ ಕಟ್ಟಲಿ. ಬೋಟಿನಲ್ಲಿ ಆ ಹಾಡು ನಿಲ್ಲಿಸಿ ಐದು ನಿಮಿಷ ಕಲ್ಲಿನ ಕಥೆ ಹಾಕಲಿ.

ಅಂಕ ಕೊಡಲೇಬೇಕು ಅಂದರೆ ಕಲ್ಲಿಗೆ ಐದಕ್ಕೆ ಐದು, ಬೋಟಿಗೆ ಮೂರು, ವಿವರಣೆಗೆ ಒಂದು. ಆ ಒಂದೂ ಫಲಕ ಇದೆಯಲ್ಲ ಅಂತ.

ಹೋಗುವವರಿಗೆ: ಸಮುದ್ರದ ನೀರು ಇಳಿಯುವ ಹೊತ್ತು ನೋಡಿಕೊಂಡು ಹೋಗಿ, ಕಂಬಗಳು ಹೆಚ್ಚು ಕಾಣುತ್ತವೆ. ಹಿಡಿತ ಇರುವ ಶೂ ಹಾಕಿ, ಒದ್ದೆ ಕಲ್ಲು ಜಾರುತ್ತದೆ. ಟೋಪಿ, ನೀರು ಬೇಕೇ ಬೇಕು. ಬಂಡೆ ಇರುವ ಕಡೆ ಈಜಲು ಇಳಿಯಬೇಡಿ, ಅಲೆ ಎತ್ತಿ ಕಲ್ಲಿಗೇ ಬಡಿಯುತ್ತದೆ. ಉಡುಪಿ ದೂರ ಅನ್ನುವ ಬೆಂಗಳೂರಿನವರು ಲಾಲ್‌ಬಾಗಿನ ಬಂಡೆ ನೋಡಿ, ಕೆಂಪೇಗೌಡರ ಗೋಪುರ ಇರುವುದು. ಸುಮಾರು 300 ಕೋಟಿ ವರ್ಷದ ಕಲ್ಲು, ಅದೂ ಜಿಎಸ್‌ಐ ಸ್ಮಾರಕವೇ, ಬೋಟು ಬೇಡ.