ಮೊಟ್ಟೆಗೆ ಗುರಿ ಇಡೋರಿಗೆ ಭಾರದ ಪೆಲೆಟ್: ಜೆಎಸ್‌ಬಿ ಎಕ್ಸಾಕ್ಟ್ ಹೆವಿ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು ಅಂದ್ರೆ ಕೊಡಗಿನಲ್ಲಿ ಊರೂರಿಗೂ ಗುರಿ ಸ್ಪರ್ಧೆ. ತೆಂಗಿನಕಾಯಿಗೆ ಕೋವಿ, ಮೊಟ್ಟೆಗೆ ಏರ್‌ಗನ್. ಈ ಮೊಟ್ಟೆ ಹೊಡೆಯೋರು ಪೆಲೆಟ್, ಅಂದರೆ ಏರ್‌ಗನ್‌ಗೆ ಹಾಕುವ ಸಣ್ಣ ಸೀಸದ ಗುಂಡಿನ ತೂಕದ ಬಗ್ಗೆ ಸ್ವಲ್ಪ ಯೋಚನೆ ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ನಾನು ಹೇಳುತ್ತಿರುವುದು ಜೆಎಸ್‌ಬಿ ಕಂಪನಿಯ ಎಕ್ಸಾಕ್ಟ್ ಹೆವಿ, .177 ಇಂಚು ಅಳತೆಯ 10.34 ಗ್ರೇನ್ ತೂಕದ ಪೆಲೆಟ್, ಅಂದರೆ ಸುಮಾರು 0.67 ಗ್ರಾಂ. ಇದೇ ಕಂಪನಿಯ ಮಾಮೂಲಿ ಎಕ್ಸಾಕ್ಟ್ 8.44 ಗ್ರೇನ್. ಲೈಸೆನ್ಸ್ ಬೇಡದ ಏರ್‌ಗನ್‌ಗೆ ನಮ್ಮ ಕಾನೂನಿನ ಮಿತಿ 20 ಜೂಲ್. ಅಷ್ಟು ಶಕ್ತಿ ಪೂರ್ತಿ ಸಿಕ್ಕಿತು ಅಂತಿಟ್ಟುಕೊಂಡರೂ ಹಗುರದ್ದು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೊರಟರೆ ಭಾರದ್ದು 244ರ ಹತ್ತಿರ, ಹಾಗಾಗಿ ಗುಂಡು ಸ್ವಲ್ಪ ಜಾಸ್ತಿ ಕೆಳಗೆ ಇಳಿಯುತ್ತದೆ, ಸ್ಕೋಪ್ ಮತ್ತೆ ಸೆಟ್ ಮಾಡಲೇಬೇಕು. ಆದರೆ ದೂರ ಹೋದಂತೆ ಇದು ವೇಗವನ್ನು ಬೇಗ ಬಿಟ್ಟುಕೊಡುವುದಿಲ್ಲ, ಹಾಗಾಗಿ ಗಾಳಿಗೆ ಪಕ್ಕಕ್ಕೆ ಸರಿಯುವುದೂ ಕಡಿಮೆ. ಮಳೆಗಾಲದ ಗಾಳಿ ಬೀಸುವ ಬಯಲಿನಲ್ಲಿ ಅದೇ ಬೇಕಾಗಿರುವುದು ಅಲ್ವಾ?

ಪಿಸಿಪಿ, ಅಂದರೆ ಮೊದಲೇ ಒತ್ತಡದ ಗಾಳಿ ತುಂಬಿಸಿಡುವ ಏರ್‌ಗನ್ ಇದ್ದವರು ಖಂಡಿತ ತಗೊಳ್ಳಿ. ಕಡಿಮೆ ಶಕ್ತಿಯ ಸ್ಪ್ರಿಂಗ್ ಗನ್ ಆದರೆ ಬೇಡ, 8.44 ಸಾಕು. ಹತ್ತು ಮೀಟರ್ ಅಭ್ಯಾಸಕ್ಕಂತೂ ಸುಮ್ನೆ ದುಡ್ಡು ದಂಡ. ಮೊದಲು ಒಂದೇ ಡಬ್ಬಿ ತಂದು ಕಾಗದಕ್ಕೆ ಐದೈದು ಹೊಡೆದು ನೋಡಿ, ಯಾಕೆಂದರೆ ಒಂದೊಂದು ಬ್ಯಾರೆಲ್‌ಗೆ ಒಂದೊಂದು ಹಿಡಿಸುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆಯ ಥಂಡಿಗೆ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ.