ಪಿಜ್ಜಾಗೆ ಯಾವಾಗ ಬೇಕಾದರೂ ಹೋಗಿ, ಪಾಸ್ತಾಗೆ ಹೊತ್ತು ನೋಡಿ ಹೋಗಿ

ಈ ಇಟಾಲಿಯನ್ ಶೈಲಿಯ ರೆಸ್ಟೋರೆಂಟ್‌ನಲ್ಲಿ ಊಟ ಮಾಡಿ ಬಂದ ಇಬ್ಬರನ್ನು ಕೇಳಿದರೆ ಎರಡು ಬೇರೆ ಬೇರೆ ಹೋಟೆಲ್‌ಗಳ ವಿಷಯ ಕೇಳಿದ ಹಾಗಿರುತ್ತದೆ. ಒಬ್ಬರು ಇಲ್ಲಿನ ಕಾರ್ಬೊನಾರಾವನ್ನು, ಅಂದರೆ ಮೊಟ್ಟೆ ಮತ್ತು ಚೀಸ್ ಸಾಸ್‌ನ ಪಾಸ್ತಾವನ್ನು, ಬಾಯಿ ತುಂಬಾ ಹೊಗಳುತ್ತಾರೆ. ಇನ್ನೊಬ್ಬರು ಅದೇ ಕಾರ್ಬೊನಾರಾ ತಣ್ಣಗಿತ್ತು, ಮೊಟ್ಟೆ ಗಂಟುಗಂಟಾಗಿತ್ತು, ಮತ್ತೆ ಕಾಲಿಡುವುದಿಲ್ಲ ಅನ್ನುತ್ತಾರೆ. ನಾನು ಇದು ಶುರುವಾದ ದಿನಗಳಿಂದ ಇಲ್ಲಿಗೆ ಹೋಗುತ್ತಿದ್ದೇನೆ. ಮನೆಯವರ ಜೊತೆ, ಸ್ನೇಹಿತರ ಜೊತೆ, ಎಷ್ಟೋ ಸಲ ಒಬ್ಬನೇ. ನನ್ನ ಅನುಭವದಲ್ಲಿ ಇಬ್ಬರು ಹೇಳುವುದೂ ನಿಜ.

ಮುಂಚೆಯೇ ನಿಧಾನವಾಗಿ ತಯಾರು ಮಾಡಿಟ್ಟುಕೊಳ್ಳುವ ಯಾವುದೇ ಆಗಲಿ, ಈ ಅಡುಗೆಮನೆ ಅದನ್ನು ಶ್ರದ್ಧೆಯಿಂದ ಮಾಡುತ್ತದೆ. ಪಿಜ್ಜಾ ಹಿಟ್ಟು, ಟೊಮ್ಯಾಟೊ ಸಾಸ್, ತಿರಮಿಸು ಅನ್ನುವ ಕಾಫಿ ರುಚಿಯ ಸಿಹಿ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಆದರೆ ಆರ್ಡರ್ ಬಂದ ಮೇಲೆ ಒಬ್ಬರು ಒಲೆ ಮುಂದೆ ನಿಂತು, ಕಣ್ಣು ಬೇರೆ ಕಡೆ ಹೊರಳಿಸದೆ ಮಾಡಬೇಕಾದ ಅಡುಗೆ ಇದೆಯಲ್ಲ, ಅದು ಜನ ಜಾಸ್ತಿ ಆದಾಗ ಕೆಡುತ್ತದೆ. ನೀವು ಏನು ತಿಂದಿರಿ, ಯಾವ ಹೊತ್ತಿಗೆ ತಿಂದಿರಿ ಅನ್ನುವುದರ ಮೇಲೆ ನಿಮ್ಮ ಅಭಿಪ್ರಾಯ ನಿಂತಿರುತ್ತದೆ.

ಮೊದಲು ಪಿಜ್ಜಾ. ನಾನು ಪದೇ ಪದೇ ಹೋಗುವುದೇ ಇದಕ್ಕೋಸ್ಕರ. ಹಿಟ್ಟನ್ನು ಹಿಂದಿನ ದಿನವೇ ಕಲಸಿ ತಂಪಿನಲ್ಲಿ ಇಡುತ್ತಾರಂತೆ, ಕೇಳಿದಾಗ ಪಿಜ್ಜಾ ಮಾಡುವವರೇ ಹೇಳಿದರು. ಅದು ತಿಂದಾಗ ಗೊತ್ತೂ ಆಗುತ್ತದೆ. ಅಂಚು ಉಬ್ಬಿ ಒಳಗೆ ಗಾಳಿ ತುಂಬಿರುತ್ತದೆ, ಸಣ್ಣ ಹುಳಿ ಇರುತ್ತದೆ, ಎರಡು ತುಂಡು ತಿಂದ ಮೇಲೂ ಹೊಟ್ಟೆ ಭಾರ ಅನ್ನಿಸುವುದಿಲ್ಲ. ಸಾಸ್ ಅಂದರೆ ಟೊಮ್ಯಾಟೊ, ಉಪ್ಪು, ಅಷ್ಟೇ ಅನ್ನುವ ಹಾಗಿದೆ. ಸಕ್ಕರೆ ಸುರಿದು ಸಿಹಿ ಮಾಡಿಲ್ಲ. ಇಲ್ಲಿನ ಮಾರ್ಗರೀಟಾ ಪಿಜ್ಜಾದಲ್ಲಿ ಮೊಜರೆಲ್ಲಾ ಚೀಸ್ ಅಲ್ಲಲ್ಲಿ ಇರುತ್ತದೆ, ಪೂರ್ತಿ ಮುಚ್ಚಿರುವುದಿಲ್ಲ. ‘ಚೀಸ್ ಕಡಿಮೆ ಹಾಕಿ ಮೋಸ ಮಾಡುತ್ತಾರೆ’ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಅದೇ ಇಷ್ಟ. ಟೊಮ್ಯಾಟೊ ರುಚಿ ನಾಲಿಗೆಗೆ ಸಿಗಬೇಕು ಅಲ್ವಾ?

ಪಿಜ್ಜಾ ಬಗ್ಗೆ ಬರುವ ಇನ್ನೆರಡು ದೂರು ಅಂದರೆ ಅಂಚು ಸುಟ್ಟಿದೆ, ನಡು ಹಸಿಯಾಗಿದೆ. ಇದಕ್ಕೆ ನಾನು ರೆಸ್ಟೋರೆಂಟ್ ಪರ ನಿಲ್ಲುತ್ತೇನೆ. ಇವರು ಮಾಡುವುದು ಇಟಲಿಯ ನೇಪಲ್ಸ್ ಊರಿನ ಶೈಲಿಯ ಪಿಜ್ಜಾ. ಆ ಶೈಲಿಯ ಕಟ್ಟುಪಾಡು ಕಾಪಾಡಲು ನೇಪಲ್ಸ್‌ನಲ್ಲಿ 1984ರಿಂದ ಒಂದು ಸಂಘವೇ ಇದೆ, ಮತ್ತು ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಆ ಪಿಜ್ಜಾ 400 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದ ಒಲೆಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು. ನಡುಭಾಗದ ದಪ್ಪ ಅರ್ಧ ಸೆಂಟಿಮೀಟರ್ ಕೂಡ ಇರುವುದಿಲ್ಲ. ಅಷ್ಟು ಬಿಸಿಯಲ್ಲಿ ಅಷ್ಟು ಬೇಗ ಬೆಂದರೆ ಅಂಚಿನಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ನಡು ಮೆತ್ತಗೆ ಉಳಿಯುತ್ತದೆ. ತುಂಡನ್ನು ಕೈಯಲ್ಲಿ ಎತ್ತಿದರೆ ತುದಿ ಜೋತು ಬೀಳುತ್ತದೆ. ಅದು ತಪ್ಪಲ್ಲ, ಆ ಪಿಜ್ಜಾ ಇರುವುದೇ ಹಾಗೆ. ಫೋರ್ಕ್ ಮತ್ತು ಚಾಕು ತಗೊಂಡು ತಿನ್ನಿ. ಕುರುಕಲು ತಳ ಬೇಕು ಅನ್ನುವವರು ಆರ್ಡರ್ ಮಾಡುವಾಗಲೇ ‘ಸ್ವಲ್ಪ ಜಾಸ್ತಿ ಬೇಯಿಸಿ’ ಅಂತ ಹೇಳಬಹುದು, ಅವರು ಮಾಡಿಕೊಡುತ್ತಾರೆ. ಆದರೆ ಈ ಮಾತನ್ನು ವೇಟರ್‌ಗಳೇ ಮೊದಲ ಸಲ ಬಂದವರಿಗೆ ಹೇಳಬೇಕು. ಹೇಳುವುದಿಲ್ಲ. ಹೇಳಿದ್ದರೆ ಅರ್ಧ ಜಗಳ ನಡೆಯುತ್ತಲೇ ಇರಲಿಲ್ಲ.

ಹಾಗಂತ ಪಿಜ್ಜಾಗೆ ಏನೂ ಆಗುವುದಿಲ್ಲ ಅಂತಲ್ಲ. ವಾರಾಂತ್ಯದ ರಾತ್ರಿ ಒಂದರ ಹಿಂದೆ ಒಂದು ಪಿಜ್ಜಾ ಒಳಗೆ ಹೋಗುತ್ತಲೇ ಇದ್ದಾಗ ಓವನ್ನಿನ ನೆಲದ ಬಿಸಿ ಇಳಿಯುತ್ತದೆ, ಮತ್ತೆ ಕಾಯಲು ಪುರುಸೊತ್ತು ಸಿಗುವುದಿಲ್ಲ. ಆಗ ಮೇಲೆ ಚೀಸ್ ಕರಗಿರುತ್ತದೆ, ತಳ ಮಾತ್ರ ಬೆಳ್ಳಗೇ ಇರುತ್ತದೆ. ತುಂಡು ಮಗುಚಿ ನೋಡಿ, ಕಂದು ಚುಕ್ಕೆ ಒಂದೂ ಇಲ್ಲದಿದ್ದರೆ ವಾಪಸ್ ಕೊಡಿ. ಅದು ನಿಜವಾದ ದೂರು. ಇನ್ನು ಪಾರ್ಸೆಲ್ ಬೇಡವೇ ಬೇಡ. ಮುಚ್ಚಿದ ಡಬ್ಬಿಯಲ್ಲಿ ಹಬೆ ಸೇರಿಕೊಂಡು ಇಷ್ಟು ತೆಳುವಾದ ಪಿಜ್ಜಾ ಮನೆ ತಲುಪುವಷ್ಟರಲ್ಲಿ ಒದ್ದೆಯಾಗಿರುತ್ತದೆ.

ಈಗ ಪಾಸ್ತಾ. ಬೇಜಾರು ಇರುವುದು ಇಲ್ಲೇ.

ಇವರಿಗೆ ಪಾಸ್ತಾ ಮಾಡಲು ಬರುವುದಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ಇವರ ಕೈಯಲ್ಲಿ ಅದ್ಭುತವಾದ ಪಾಸ್ತಾ ತಿಂದಿದ್ದೇನೆ. ವಾರದ ನಡುವೆ, ಸಂಜೆ ಬಾಗಿಲು ತೆರೆದ ಕೂಡಲೇ ಹೋದರೆ ಕಾರ್ಬೊನಾರಾ ಹೇಗಿರಬೇಕೋ ಹಾಗೇ ಬರುತ್ತದೆ. ಮೊಟ್ಟೆ, ಪೆಕೊರಿನೊ ಚೀಸ್, ಕರಿಮೆಣಸು, ಹಂದಿಯ ಕೆನ್ನೆಯ ಮಾಂಸದ ಗ್ವಾಂಚಾಲೆ, ಪಾಸ್ತಾ ಬೆಂದ ನೀರು. ಕ್ರೀಮ್ ಇಲ್ಲ. ಆ ನೀರಿನಲ್ಲಿರುವ ಗಂಜಿಯ ಅಂಶ ಮತ್ತು ಮೊಟ್ಟೆ ಸೇರಿ ಸಾಸ್ ನುಣ್ಣಗಾಗಿ ಪ್ರತಿ ಎಳೆಗೂ ಅಂಟಿಕೊಂಡಿರುತ್ತದೆ. ಪಾಸ್ತಾ ಅಲ್ ದೆಂತೆ, ಅಂದರೆ ಕಚ್ಚಿದಾಗ ಹಲ್ಲಿಗೆ ಸ್ವಲ್ಪ ತಡೆ ಸಿಗುತ್ತದೆ. ಅವತ್ತು ಜೊತೆಗೆ ಬಂದವರೆಲ್ಲ ಮಾತು ನಿಲ್ಲಿಸಿ ತಿನ್ನುತ್ತಾರೆ.

ಅದೇ ತಟ್ಟೆಯನ್ನು ಶನಿವಾರ ರಾತ್ರಿ ತರಿಸಿ ನೋಡಿ. ಒಂದು ಸಲ ಮೊಟ್ಟೆ ಒಡೆದು ಗಂಟು ಕಟ್ಟಿತ್ತು, ಇನ್ನೊಂದು ಸಲ ಗಂಟು ಆಗಬಾರದು ಅಂತಲೋ ಏನೋ ಕ್ರೀಮ್ ಸುರಿದಿದ್ದರು, ಮತ್ತೊಂದು ಸಲ ಸಾಸ್ ಸರಿಯಾಗಿತ್ತು ಆದರೆ ಪಾಸ್ತಾ ಮೊದಲೇ ಬೇಯಿಸಿಟ್ಟು ಬಿಸಿನೀರಲ್ಲಿ ಅದ್ದಿ ಕೊಟ್ಟಿದ್ದು ಎದ್ದು ಕಾಣುತ್ತಿತ್ತು, ಹೊರಗೆ ಮೆತ್ತಗೆ, ಒಳಗೆ ತಣ್ಣಗೆ. ಕಾರಣ ಊಹಿಸುವುದು ಕಷ್ಟವಲ್ಲ. ಮೊಟ್ಟೆ 65–70 ಡಿಗ್ರಿ ಸುಮಾರಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಅದಕ್ಕೇ ಪ್ಯಾನ್ ಒಲೆಯಿಂದ ಇಳಿಸಿ, ಒಂದು ಕ್ಷಣ ಬಿಟ್ಟು, ಆಮೇಲೆ ಮೊಟ್ಟೆ ಬೆರೆಸಬೇಕು. ನಾಲ್ಕು ಪ್ಯಾನ್‌ಗಳನ್ನು ಒಬ್ಬರೇ ನೋಡುತ್ತಿದ್ದರೆ ಆ ಕ್ಷಣ ಎಲ್ಲಿಂದ ಬರಬೇಕು? ಅಡುಗೆಯವರ ಮೇಲೆ ನನಗೆ ಕೋಪವಿಲ್ಲ. ಪಾಸ್ತಾ ಕಡೆಗೆ ಒಬ್ಬರನ್ನೇ ನಿಲ್ಲಿಸಿ ಮೂವತ್ತು ಟೇಬಲ್‌ಗೆ ಆರ್ಡರ್ ತಗೊಳ್ಳುವವರ ಮೇಲೆ ಇದೆ.

ರಿಸೊಟ್ಟೊ, ಅಂದರೆ ಇಟಲಿಯ ಮೆತ್ತನೆಯ ಅನ್ನದ ಅಡುಗೆ, ಅದರ ಕಥೆಯೂ ಇದೇ. ಅರ್ಬೊರಿಯೊ ಅಥವಾ ಕಾರ್ನರೋಲಿ ಅಕ್ಕಿಗೆ ಬಿಸಿ ಸ್ಟಾಕ್, ಅಂದರೆ ತರಕಾರಿ ಅಥವಾ ಮಾಂಸ ಬೇಯಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕುತ್ತಾ ಮಾಡಲು 18–20 ನಿಮಿಷ ಬೇಕು. ಬಹಳ ರೆಸ್ಟೋರೆಂಟ್‌ಗಳು ಅದನ್ನು ಮುಕ್ಕಾಲು ಬೇಯಿಸಿ, ಟ್ರೇಯಲ್ಲಿ ಹರಡಿ ಆರಿಸಿ, ಆರ್ಡರ್ ಬಂದಾಗ ಮುಗಿಸುತ್ತವೆ. ಅದು ತಪ್ಪಲ್ಲ. ಆದರೆ ಆ ಕೊನೆಯ ಕೆಲವು ನಿಮಿಷ ಬಿಟ್ಟುಕೊಟ್ಟರೆ ಅಕ್ಕಿಯ ನಡುವೆ ಗಟ್ಟಿ ಕಾಳು ಉಳಿಯುತ್ತದೆ, ಅಥವಾ ಎಲ್ಲ ಸೇರಿ ಅಂಟಾಗುತ್ತದೆ. ತಟ್ಟೆ ಅಲುಗಿಸಿದರೆ ರಿಸೊಟ್ಟೊ ನಿಧಾನಕ್ಕೆ ಹರಿಯಬೇಕು. ಇಲ್ಲಿ ರಶ್ ದಿನಗಳಲ್ಲಿ ಬರುವುದು ಕದಲದೆ ಕೂತಿರುತ್ತದೆ.

‘ಇದು ನಿಜವಾದ ಇಟಾಲಿಯನ್ ಅಲ್ಲ’ ಅನ್ನುವ ದೂರಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಇವರು ಹಾಗೆ ಎಲ್ಲೂ ಹೇಳಿಕೊಂಡಿಲ್ಲ. ಇಟಲಿಯಿಂದ ಪ್ರಭಾವ ತಗೊಂಡ ಆರಾಮದ ಜಾಗ ಅಂತಷ್ಟೇ ಹೇಳಿಕೊಂಡಿದ್ದಾರೆ. ಮೆನುವಿನಲ್ಲಿರುವ ಆಲ್ಫ್ರೆಡೊ ಪಾಸ್ತಾ ಕ್ರೀಮ್‌ನಲ್ಲಿ ಮುಳುಗಿರುತ್ತದೆ, ಹೌದು. ರೋಮ್‌ನಲ್ಲಿ ಆಲ್ಫ್ರೆಡೊ ಡಿ ಲೆಲಿಯೊ ಮಾಡುತ್ತಿದ್ದದ್ದು ಬೆಣ್ಣೆ ಮತ್ತು ಪಾರ್ಮಿಜಾನೊ ಚೀಸ್ ಮಾತ್ರ ಹಾಕಿದ ಪಾಸ್ತಾ. ಕ್ರೀಮ್ ಸೇರಿದ್ದು ಅದು ಅಮೆರಿಕಕ್ಕೆ ಹೋದ ಮೇಲೆ. ಸೀಸರ್ ಸಲಾಡ್ ಹುಟ್ಟಿದ್ದೇ ಮೆಕ್ಸಿಕೊದ ತಿಹುವಾನಾದಲ್ಲಿ, ಇಟಲಿಯಿಂದ ವಲಸೆ ಬಂದವರೊಬ್ಬರ ರೆಸ್ಟೋರೆಂಟ್‌ನಲ್ಲಿ. ಊರು ಬಿಟ್ಟ ಅಡುಗೆ ಬದಲಾಗುತ್ತದೆ. ಬದಲಾಗಿದ್ದು ಚೆನ್ನಾಗಿದೆಯಾ ಅಂತ ಕೇಳಿ ಸಾಕು. ಇಲ್ಲಿನ ಆಲ್ಫ್ರೆಡೊ ರಶ್ ಇದ್ದಾಗಲೂ ಅಷ್ಟಾಗಿ ಕೆಡುವುದಿಲ್ಲ, ಕ್ರೀಮ್ ಇರುವುದರಿಂದ ಸಾಸ್ ಸುಲಭಕ್ಕೆ ಒಡೆಯುವುದಿಲ್ಲ. ಶನಿವಾರ ಪಾಸ್ತಾ ತಿನ್ನಲೇಬೇಕು ಅಂದರೆ ಅದನ್ನು ತಗೊಳ್ಳಿ, ಇಲ್ಲವೇ ರಾಗು, ಅಂದರೆ ಗಂಟೆಗಟ್ಟಲೆ ಬೇಯಿಸಿಟ್ಟ ಮಾಂಸದ ಸಾಸ್ ಹಾಕಿದ್ದು ತಗೊಳ್ಳಿ. ರಾಗು ಇಲ್ಲಿ ತುಂಬಾ ರುಚಿ.

ಗುಂಪಾಗಿ ಹೋಗುವವರಿಗೆ ಒಂದು ಮಾತು. ಪಿಜ್ಜಾ ಎರಡು ನಿಮಿಷಕ್ಕೆ ಓವನ್ನಿಂದ ಹೊರಗೆ ಬರುತ್ತದೆ, ಪಾಸ್ತಾಗೆ ಕಾಲು ಗಂಟೆ, ರಿಸೊಟ್ಟೊಗೆ ಇನ್ನೂ ಜಾಸ್ತಿ. ಪಿಜ್ಜಾ ಕಡೆಯವರೂ ಒಲೆ ಕಡೆಯವರೂ ಇಲ್ಲಿ ಮಾತಾಡಿಕೊಳ್ಳುವ ಹಾಗೆ ಕಾಣುವುದಿಲ್ಲ. ಯಾವುದು ಆಯಿತೋ ಅದನ್ನು ತಂದು ಇಡುತ್ತಾರೆ. ಒಬ್ಬರು ಊಟ ಮುಗಿಸಿ ಕೂತಿರುತ್ತಾರೆ, ಎದುರಿನವರ ತಟ್ಟೆ ಇನ್ನೂ ಬಂದಿರುವುದಿಲ್ಲ. ಬೇರೆಯವರು ಕಾಯುತ್ತಾರಲ್ಲ ಅಂತ ಪಿಜ್ಜಾ ಆರಲು ಬಿಟ್ಟರೆ ಅದೂ ಹಾಳು. ಹುಟ್ಟುಹಬ್ಬದ ಊಟಕ್ಕೆ ಬಂದ ಕುಟುಂಬವೊಂದು ಇದೇ ಕಾರಣಕ್ಕೆ ಮುಖ ಸಣ್ಣ ಮಾಡಿಕೊಂಡು ಹೋದದ್ದನ್ನು ನೋಡಿ ನನಗೂ ಬೇಜಾರಾಯಿತು. ‘ಎಲ್ಲ ಒಟ್ಟಿಗೆ ತನ್ನಿ’ ಅಂತ ಆರ್ಡರ್ ಕೊಡುವಾಗಲೇ ಒತ್ತಿ ಹೇಳಿ. ಹೇಳಿದರೆ ಮಾಡುತ್ತಾರೆ. ಹೇಳದೇ ಮಾಡಬೇಕಿತ್ತು.

ವೇಟರ್‌ಗಳು ಒಳ್ಳೆಯವರು, ಮರ್ಯಾದೆಯಿಂದ ಮಾತಾಡುತ್ತಾರೆ. ಆದರೆ ಹೊಸಬರಿಗೆ ತಾವು ಬಡಿಸುವುದರಲ್ಲಿ ಏನಿದೆ ಅಂತ ಗೊತ್ತಿಲ್ಲ. ಸಸ್ಯಾಹಾರಿಗಳು ಇದನ್ನು ಗಮನಿಸಬೇಕು. ಪಾರ್ಮಿಜಾನೊ ರೆಜಾನೊ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಆ ಹೆಸರಿನ ಚೀಸ್‌ಗೆ ಅದೇ ನಿಯಮ. ಪೆಸ್ಟೊ ಅನ್ನುವ ತುಳಸಿ ಜಾತಿಯ ಬೇಸಿಲ್ ಎಲೆಯ ಸಾಸ್ ಒಳಗೂ ಸಾಮಾನ್ಯವಾಗಿ ಅದೇ ಚೀಸ್ ಇರುತ್ತದೆ. ಸೀಸರ್ ಸಲಾಡ್ ಸಾಸ್‌ನಲ್ಲಿ ಹೆಚ್ಚಾಗಿ ಆಂಚೊವಿ ಮೀನು ಇರುತ್ತದೆ. ನನ್ನ ಜೊತೆ ಬರುವ ಸ್ನೇಹಿತೆ ಮಾಂಸ, ಮೀನು ಯಾವುದೂ ತಿನ್ನುವುದಿಲ್ಲ. ಅವಳು ಕೇಳಿದಾಗ ಒಬ್ಬರು ‘ಎಲ್ಲ ವೆಜ್ ಮೇಡಂ’ ಅಂದರು, ಇನ್ನೊಂದು ದಿನ ಹಳೆಯ ವೇಟರ್ ಒಳಗೆ ಹೋಗಿ ಕೇಳಿಕೊಂಡು ಬಂದು ‘ಇದು ನಿಮಗೆ ಆಗುವುದಿಲ್ಲ, ಚೀಸ್ ಇಲ್ಲದೆ ಮಾಡಿಸಿಕೊಡುತ್ತೇನೆ’ ಅಂದರು. ಒಂದೇ ಪ್ರಶ್ನೆಗೆ ಎರಡು ಉತ್ತರ ಬರುವುದು ಸಣ್ಣ ವಿಷಯ ಅಲ್ಲ. ನಟ್ಸ್ ಅಲರ್ಜಿ ಇರುವವರಿಗಂತೂ ಪ್ರಾಣದ ಪ್ರಶ್ನೆ, ಯಾಕೆಂದರೆ ಪೆಸ್ಟೊಗೆ ಪೈನ್ ನಟ್ಸ್ ಬದಲು ಕೆಲವು ಕಡೆ ಗೋಡಂಬಿ ಹಾಕುತ್ತಾರೆ. ಇದನ್ನು ಮೆನುವಿನಲ್ಲೇ ಅಚ್ಚು ಹಾಕಿಸಲು ಎಷ್ಟು ಹೊತ್ತು ಬೇಕು?

ದೂರು ಹೇಳಿದರೆ ಏನಾಗುತ್ತದೆ ಅನ್ನುವುದೂ ಆ ದಿನ ಯಾರು ನೋಡಿಕೊಳ್ಳುತ್ತಿದ್ದಾರೆ ಅನ್ನುವುದರ ಮೇಲಿದೆ. ತಳ ಬೇಯದ ಪಿಜ್ಜಾ ತೋರಿಸಿದಾಗ ಮರುಮಾತಿಲ್ಲದೆ ಹೊಸದು ಮಾಡಿಕೊಟ್ಟಿದ್ದಾರೆ. ಗಟ್ಟಿ ರಿಸೊಟ್ಟೊ ತೋರಿಸಿದಾಗ ‘ರಿಸೊಟ್ಟೊ ಇರುವುದೇ ಹೀಗೆ ಸರ್’ ಅನ್ನುವ ಮಾತನ್ನೂ ಕೇಳಿದ್ದೇನೆ. ಅದು ನೋವಾಯಿತು. ತಪ್ಪಾಗಿದ್ದು ಪರವಾಗಿಲ್ಲ, ತಿನ್ನುವವನಿಗೆ ಗೊತ್ತಿಲ್ಲ ಅಂತ ಸಾಗಹಾಕುವುದು ಸರಿಯಲ್ಲ.

ಜಾಗದ ಬಗ್ಗೆ ಹೇಳುವುದು ಕಡಿಮೆ. ಗಾಜು, ಟೈಲ್ಸ್, ಬರಿಯ ಗೋಡೆ, ಆದ್ದರಿಂದ ತುಂಬಿದಾಗ ಗದ್ದಲ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಮೂಲೆಯ ಟೇಬಲ್ ಕೇಳಿ. ಗಾರ್ಲಿಕ್ ಬ್ರೆಡ್ ಸಾಧಾರಣ. ಟ್ರಫಲ್ (ನೆಲದಡಿ ಬೆಳೆಯುವ ಘಮಘಮಿಸುವ ಅಣಬೆ) ಎಣ್ಣೆ ಹಾಕಿದ ಫ್ರೈಸ್ ಸುಮ್ನೆ ಬಿಟ್ಟುಬಿಡಿ, ಮಾರುಕಟ್ಟೆಯಲ್ಲಿ ಸಿಗುವ ಅಂಥ ಎಣ್ಣೆಗಳ ವಾಸನೆ ಬಹುಪಾಲು ಲ್ಯಾಬ್‌ನಲ್ಲಿ ತಯಾರಾದದ್ದು.

ತಿರಮಿಸು ಮಾತ್ರ ಬಿಡಬೇಡಿ. ಸವೊಯಾರ್ಡಿ ಬಿಸ್ಕತ್ತು, ಎಸ್ಪ್ರೆಸೊ ಕಾಫಿ, ಮಸ್ಕರ್ಪೊನೆ ಅನ್ನುವ ಮೆತ್ತನೆಯ ಚೀಸ್, ಮೊಟ್ಟೆ, ಮೇಲೆ ಕೊಕೊ ಪುಡಿ. ಇದು ಗಂಟೆಗಟ್ಟಲೆ ಫ್ರಿಜ್‌ನಲ್ಲಿ ಕೂತರೇ ಚೆಂದ, ಅಂದರೆ ರಶ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಇಷ್ಟು ವರ್ಷದಲ್ಲಿ ಇದು ಕೆಟ್ಟದ್ದನ್ನು ನಾನು ನೋಡಿಲ್ಲ. ಕಾಫಿ ಬಿಸ್ಕತ್ತಿನ ಒಳಗೆ ಇಳಿದಿರುತ್ತದೆ, ತಟ್ಟೆಗೆ ಹರಿದಿರುವುದಿಲ್ಲ. ಸಾಂಪ್ರದಾಯಿಕ ರೀತಿಯಲ್ಲಿ ಮೊಟ್ಟೆ ಹಸಿಯಾಗೇ ಇರುತ್ತದೆ, ಗರ್ಭಿಣಿಯರು ಕೇಳಿಕೊಂಡು ತಿನ್ನುವುದು ಒಳ್ಳೆಯದು. ರಾತ್ರಿ ತಡವಾದರೆ ಖಾಲಿಯಾಗಿರುತ್ತದೆ, ಊಟ ಹೇಳುವಾಗಲೇ ಒಂದು ತೆಗೆದಿಡಲು ಹೇಳಿ.

ನಾನು ಪಿಜ್ಜಾಗೆ 5ಕ್ಕೆ 4.5 ಕೊಡುತ್ತೇನೆ, ತಿರಮಿಸುಗೆ 5, ಪಾಸ್ತಾಗೆ ವಾರದ ದಿನ 4, ಶನಿವಾರ 2. ಸರ್ವೀಸ್‌ಗೆ 3. ಒಟ್ಟಿಗೆ ಇಂತಿಷ್ಟು ಅಂತ ಒಂದೇ ಅಂಕ ಕೊಟ್ಟರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನಡೆಸುವವರು ಇದನ್ನು ಓದಿದರೆ ನನ್ನ ಬೇಡಿಕೆ ಎರಡೇ. ವಾರಾಂತ್ಯಕ್ಕೆ ಪಾಸ್ತಾ ಒಲೆಗೆ ಇನ್ನೊಬ್ಬರನ್ನು ಹಾಕಿ. ಅದು ಆಗದಿದ್ದರೆ ಆ ಎರಡು ರಾತ್ರಿ ಕಾರ್ಬೊನಾರಾ ಮತ್ತು ರಿಸೊಟ್ಟೊವನ್ನು ಮೆನುವಿನಿಂದ ತೆಗೆದುಬಿಡಿ, ಇಲ್ಲ ಅಂತ ನೇರವಾಗಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಪಿಜ್ಜಾ ತಿಂದು ಖುಷಿಯಾಗಿ ಹೋಗುತ್ತಾರೆ.